ಸಾಕು ಅನ್ನುವ ಬಾಯಿ

ಕೊಡದ ಕಂಠಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ತಾಮ್ರ ಆಗಲೇ ಬೆಳಗಿ ಕೆಂಪಗೆ ಹೊಳೆಯುತ್ತಿತ್ತು, ನನ್ನ ಕೈ ಮಾತ್ರ ನಿಂತಿರಲಿಲ್ಲ. ಗೋಡೆಯಾಚೆ ಫಕೀರವ್ವ ಉಪ್ಪು ಮಾರುವವನ ಜೊತೆ ಚೌಕಾಸಿಗೆ ನಿಂತಿದ್ದಳು. ಅವಳು ಅದನ್ನು ಮುಗಿಸಿ ಈ ಕಡೆ ತಿರುಗುವ ತನಕ ತಿಕ್ಕುತ್ತ ಕೂರುವುದೊಂದೇ ನನಗಿದ್ದ ದಾರಿ. ಹುಣಸೆಯ ನಾರು ಉದುರಿಹೋಯಿತು, ಬರಿಗೈಯಲ್ಲೇ ತಿಕ್ಕತೊಡಗಿದೆ. ಕೊನೆಗೆ ಅವಳ ತಲೆ ಗೋಡೆಯ ಮೇಲೆ ಕಾಣಿಸಿತು.

"ಸಾಕು ಬಿಡಕ್ಕಾ! ಕೊಡ ತೂತಾದ್ರ ನೀರು ಸೆರಗಿನ್ಯಾಗ ತರಾಕಿಯೇನು?"

ಕೈ ನಿಂತಿತು.

ನಮ್ಮೂರಿನಲ್ಲಿ ಹಿಡಿದ ಕೆಲಸವನ್ನು ಕೈ ತಾನಾಗಿ ಬಿಡುವುದಿಲ್ಲ, ಇನ್ನೊಬ್ಬರು ಸಾಕು ಅನ್ನಬೇಕು. ಅದಕ್ಕೇ ನಮ್ಮ ಕೊಡಗಳು ತೆಳ್ಳಗಿರುತ್ತವೆ. ಹೊಸ್ತಿಲುಗಳು ಗುಡಿಸಿ ಗುಡಿಸಿ ಸವೆದಿರುತ್ತವೆ. ಮನೆಮನೆಗಳ ನಡುವಿನ ಗೋಡೆ ಎದೆಮಟ್ಟಕ್ಕಿಂತ ಎತ್ತರ ಇರುವುದಿಲ್ಲ. ಕೂಸುಗಳು ಅವ್ವಾ ಅನ್ನುವುದಕ್ಕೂ ಮೊದಲು ಸಾಕು ಅನ್ನಲು ಕಲಿಯುತ್ತವೆ. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದು ಕೇಳುವುದಿಲ್ಲ, ಹುಡುಗಿಯ ಗಂಟಲು ದೊಡ್ಡದೇ, ಮಂದಿಯ ಮೇಲೆ ಕಣ್ಣಿಟ್ಟಿರುತ್ತಾಳೆಯೇ ಎಂದು ಕೇಳುತ್ತಾರೆ. ಬಾಗಿಲು ಹಾಕಿಕೊಂಡು ಕೆಲಸ ಮಾಡಬಾರದು ಎಂಬುದು ನಮ್ಮಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಮಾತು. ಜಗಳವಾಡಿ ಮಾತು ಬಿಟ್ಟವರೂ ಸಾಕು ಅನ್ನುವ ಒಂದು ಮಾತನ್ನು ಬಿಡುವುದಿಲ್ಲ. ಕುಂಬಳಬಳ್ಳಿ ಗೋಡೆ ದಾಟಿದ ಸಲುವಾಗಿ ನಾನು, ಫಕೀರವ್ವ ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆಗಲೂ ಅವಳು ಬೆನ್ನು ತಿರುಗಿಸಿ ನಿಂತುಕೊಂಡೇ, ಬೇವಿನ ಮರಕ್ಕೆ ಹೇಳುವವಳ ಹಾಗೆ "ಸಾಕು" ಅನ್ನುತ್ತಿದ್ದಳು.

ಅವತ್ತು ನನ್ನ ಕೈ ನಿಂತ ಮೇಲೆ ಒಳಗಿನ ಸದ್ದು ಕೇಳಿಸಿತು. ಸರ್, ಸರ್, ಸರ್. ಬಚ್ಚಲಲ್ಲಿ ನನ್ನ ಮಗಳು ಕಾಶವ್ವ ಬೂದಿ ಹಚ್ಚಿ ಕೈ ತೊಳೆಯುತ್ತಿದ್ದಳು.

"ಕಾಶೀ, ಸಾಕು!" ಎಂದು ಕೂಗಿದೆ.

ಸದ್ದು ನಿಂತಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅಷ್ಟೇ. ಮತ್ತೆ ಸರ್, ಸರ್.

ಫಕೀರವ್ವನ ಮುಖದಲ್ಲಿನ ನಗು ಎಲ್ಲಿ ಹೋಯಿತೋ. "ಅಕ್ಕಾ, ನೀ ಅಂದಿ. ಆಕಿ ನಿಂದ್ರಲಿಲ್ಲ."

"ಆಕಿಗಿ ಕೇಳಿರಂಗಿಲ್ಲ."

"ಬಾವ್ಯಾಗ ಬಿದ್ದವರಿಗೂ ಕೇಳೂಹಂಗ ಒದರಿದಿ."

ನಾನು ಕೊಡವನ್ನು ಎತ್ತಿಕೊಂಡು ಒಳಗೆ ಹೋದೆ. ಬೆನ್ನ ಮೇಲೆ ಅವಳ ಕಣ್ಣು ಇದ್ದದ್ದು ಗೊತ್ತಾಗುತ್ತಿತ್ತು. ಇಷ್ಟು ದಿನ ಊರಲ್ಲಿ ನಾನೊಬ್ಬಳೇ ಬಲ್ಲ ಸಂಗತಿಯಾಗಿತ್ತು ಅದು.

ಇದು ಶುರುವಾದದ್ದು ನಮ್ಮ ಎತ್ತಿನಿಂದ. ನಮ್ಮದು ಗಾಣದ ಮನೆ. ಗಂಡ ತೀರಿಕೊಂಡ ಮೇಲೆ ಗಾಣ ಹೊಡೆಯುವುದು ಕಾಶಿಯ ಪಾಲಿಗೆ ಬಂತು. ಸರದಾರ ಎಂಬ ಎತ್ತು, ಅದರ ಹಿಂದೆ ಗಾಣದ ಮರದ ಮೇಲೆ ಕೂತ ಇವಳು, ನಡುವೆ ಅರೆಯುವ ಕುಸುಬೆ. ಎಣ್ಣೆ ಇಳಿದು ಹಿಂಡಿ ಗಟ್ಟಿಯಾದಾಗ ಕಾಶಿ ಮೆಲ್ಲಗೆ ಸಾಕು ಅನ್ನುತ್ತಿದ್ದಳು, ಸರದಾರ ಎತ್ತಿದ ಕಾಲನ್ನು ಇಳಿಸಿ ನಿಲ್ಲುತ್ತಿತ್ತು. ಕೂಗುವ ಅಗತ್ಯವೇ ಇರಲಿಲ್ಲ. ಅಷ್ಟು ವರ್ಷ ಹಾಗೆ ನಡೆದದ್ದು ಒಂದು ಮಧ್ಯಾಹ್ನ ನಡೆಯಲಿಲ್ಲ. ಅವಳು ಅಂದಳು, ಎತ್ತು ನಡೆದೇ ಇತ್ತು. ನೊಗ ಬಿಚ್ಚಿದಳು, ಕಣ್ಣಿನ ಪಟ್ಟಿ ತೆಗೆದಳು. ಅದು ಅಂಗಳಕ್ಕೆ ಬಂದು, ಅಲ್ಲಿ ಇಲ್ಲದ ಗಾಣದ ಸುತ್ತ ಅದೇ ಅಳತೆಯಲ್ಲಿ ತಿರುಗಿತು. ಹುಲ್ಲು ಹಾಕಿದರೆ ಹುಲ್ಲನ್ನು ತುಳಿದುಕೊಂಡು ತಿರುಗಿತು.

ಬಸ್ಸಿನವರಿಗೆ ಹೇಳಿ ಕಳಿಸಿದ ಮೇಲೆ ಹೊರಗಿನಿಂದ ದನದ ಡಾಕ್ಟರು ಬಂದರು. ಉಜ್ವಲಾ ಎಂದು ಅವರ ಹೆಸರು. ತೆಳ್ಳನೆಯ ಹೆಂಗಸು, ಮೊಣಕಾಲುದ್ದದ ರಬ್ಬರು ಬೂಟು. ಸೂಜಿ ಹಾಕಿದರು, ಕಾದರು, ಮತ್ತೆ ಹಾಕಿದರು. ಸರದಾರ ತಿರುಗುತ್ತ ತಿರುಗುತ್ತಲೇ ಮೊಣಕಾಲೂರಿ ಬಿದ್ದು ಸತ್ತಿತು. ಬಿದ್ದ ಮೇಲೂ ಮುಂಗಾಲುಗಳು ಸ್ವಲ್ಪ ಹೊತ್ತು ನಡೆದವು.

"ತಲೆ ಬಿಚ್ಚಿ ನೋಡಬೇಕು ಅಮ್ಮ. ಯಾರಾದರೂ ಕೊಂಬು ಹಿಡಿದುಕೊಳ್ಳಬೇಕು," ಎಂದರು ಡಾಕ್ಟರು. ಕಾಶಿಯೇ ಹಿಡಿದುಕೊಂಡಳು. ಬೇರೆಯವರ ಕೈಗೆ ಕೊಡಲಿಲ್ಲ.

ಮಿದುಳಿನ ಒಳಗೆ, ಬಹಳ ಆಳದಲ್ಲಿ, ಬೂದು ಬಣ್ಣದ ಒಂದು ಗಂಟು ಇತ್ತು. ಕೊಯ್ದಾಗ ಅದರಲ್ಲಿ ಬಿಳಿಯ ಗೆರೆಗಳು ಕಂಡವು, ಇಳಕಲ್ಲ ಸೀರೆಯ ಸಣ್ಣ ಗೀಟಿನ ಹಾಗೆ. ಕಾಶಿ ಕಣ್ಣೆತ್ತದೆ ಅದನ್ನೇ ನೋಡುತ್ತಿದ್ದಳು.

"ಯಾಕ ನಿಂದ್ರಲಿಲ್ರಿ ಬಾಯಾರ, ನಾ ಅಂದ್ರೂ?"

"ನೋಡಿ, ಈ ಗಂಟು ಎಲ್ಲ ಪ್ರಾಣಿಗಳಲ್ಲೂ ಇರುತ್ತೆ. ಮಾಡು ಅನ್ನೋ ದಾರಿ ಒಂದು ಇದರಲ್ಲಿ ಹಾದು ಹೋಗುತ್ತೆ. ತಡಿ ಅನ್ನೋ ದಾರಿ ಇನ್ನೊಂದು. ಎರಡೂ ಸರಿಯಾಗಿದ್ದರೆ ಪ್ರಾಣಿ ಒಂದು ಕೆಲಸ ಹಿಡಿಯುತ್ತೆ, ಮುಗಿಸುತ್ತೆ, ಬಿಡುತ್ತೆ. ತಡೆಯೋದು ಸಡಿಲ ಆದರೆ ಮಾಡಿದ್ದನ್ನೇ ಮಾಡುತ್ತೆ. ಲಾಯದಲ್ಲಿ ಕಟ್ಟಿದ ಕುದುರೆ ಇಡೀ ದಿನ ತಲೆ ಅತ್ತಿತ್ತ ತೂಗುತ್ತೆ. ಇಕ್ಕಟ್ಟಲ್ಲಿ ಕೂಡಿಹಾಕಿದ ಹಂದಿ ಕಂಬಿ ಅಗಿಯುತ್ತೆ. ಇಲಿ ತನ್ನ ಮೈಯನ್ನೇ ನೆಕ್ಕಿ ನೆಕ್ಕಿ ಕೂದಲು ಉದುರಿಸಿಕೊಳ್ಳುತ್ತೆ. ಮಾಡಿದಷ್ಟೂ ಜಾಡು ಆಳ ಆಗುತ್ತೆ, ಚಕ್ಕಡಿ ಗಾಲಿದು ಆಗೋ ಹಾಗೆ."

"ಮನಷ್ಯಾರಿಗ್ರಿ?"

"ಮನುಷ್ಯರಲ್ಲಿ ಕೈ ತೊಳೆಯೋದು, ಬಾಗಿಲ ಅಗಳಿ ಹಾಕಿದೆಯಾ ಅಂತ ನೋಡೋದು. ಜಾಗ ಹೆಚ್ಚು ಕಡಿಮೆ ಇದೇ."

ಇಬ್ಬರೂ ಬಾವಿಕಟ್ಟೆಗೆ ಬಂದು ಕೈ ತೊಳೆದುಕೊಂಡರು. ಡಾಕ್ಟರು ಊರಿಗೆ ಬಂದು ವಾರವಾಗಿತ್ತು. ಅವರ ಕೈಯೂ ನಮ್ಮ ಕೈಗಳ ಹಾಗೆ ಆಗಿಬಿಟ್ಟಿತ್ತು. ಸಾಬೂನು ಕರಗಿ ಹೋದರೂ ಉಜ್ಜುತ್ತಲೇ ಇದ್ದರು, ಮುಖ ಮಾತ್ರ ಗಾಬರಿಯಿಂದ ನನ್ನ ಕಡೆ ತಿರುಗಿತ್ತು. "ಸಾಕು ಬಿಡ್ರಿ ಬಾಯಾರ," ಅಂದೆ. ಅವರ ಕೈ ನಿಂತಿತು. ಕಾಶಿಯ ಕೈಯೂ ನಿಂತಿತು. ಆಮೇಲೆ ಕಾಶಿ ಒಳಗೆ ಹೋದಳು, ಬಚ್ಚಲಿನಿಂದ ಬೂದಿಯ ಸದ್ದು ಬಂತು. ಅದನ್ನು ನನಗಿಂತ ಮೊದಲು ಗಮನಿಸಿದವರು ಡಾಕ್ಟರು.

ಹೊರಡುವ ದಿನ ಅವರು ಒಂದು ಲಕೋಟೆ ಕೊಟ್ಟರು. ಅಂಚೆಚೀಟಿ ಹಚ್ಚಿತ್ತು, ವಿಳಾಸವೂ ಬರೆದಿತ್ತು. "ಇವರು ಡಾಕ್ಟರ್ ವಾಮನಮೂರ್ತಿ, ಮನುಷ್ಯರ ಡಾಕ್ಟರು. ಇಂಥ ಕಾಯಿಲೆಗೆ ಮದ್ದಿದೆ, ಮದ್ದಿನ ಜೊತೆಗೆ ಮೆಲ್ಲಮೆಲ್ಲಗೆ ರೂಢಿ ಬಿಡಿಸೋ ಕ್ರಮ ಇದೆ. ಮನೆಯವರು ಬರೆದು ಕರೆದರೆ ಮಾತ್ರ ಅವರು ಬರುತ್ತಾರೆ. ಚೆನ್ನಾಗಿ ಬರೀಬೇಕು ಅಂತೇನಿಲ್ಲ ಅಮ್ಮ. ಇದ್ದದ್ದು ಇದ್ದ ಹಾಗೆ ಬರೆದು ಹಾಕಿ."

ನಾನು ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ, ರಾತ್ರಿ ಶಾಲೆಯಲ್ಲಿ. ಅಲ್ಲಿ ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸುತ್ತಿದ್ದರು. ಒಬ್ಬರು ಪಾಟಿಯ ಮೇಲೆ ಬರೆದರೆ ಮಗ್ಗುಲಿನವರು ಸಾಲು ಮುಗಿದಾಗ ಸಾಕು ಅನ್ನಬೇಕು. ಹಾಗೆ ಕಲಿತವಳು ಈ ಪತ್ರವನ್ನೂ ಯಾರನ್ನಾದರೂ ಪಕ್ಕಕ್ಕೆ ಕೂರಿಸಿಕೊಂಡೇ ಬರೆಯಬೇಕಿತ್ತು. ಆದರೆ ಏನೆಂದು ಹೇಳಿ ಕರೆಯಲಿ? ನನ್ನ ಮಗಳಿಗೆ ಸಾಕು ನಾಟುತ್ತಿಲ್ಲ ಎಂದು ಯಾರಿಗೆ ಹೇಳಲಿ? ನಡುಮನೆಯ ಬಾಗಿಲು ಮುಚ್ಚಿಕೊಂಡು, ಧಾನ್ಯದ ಪೆಟ್ಟಿಗೆಯ ಮೇಲೆ ಕಾಗದ ಇಟ್ಟು ಬರೆದೆ. ಮೊದಲನೆಯದರಲ್ಲಿ ಮಸಿ ಚೆಲ್ಲಿತು, ಇನ್ನೊಂದು ಬರೆದೆ. ಅದರಲ್ಲಿ ದೊಡ್ಡವರಿಗೆ ಬರೆಯುವಾಗ ಮೊದಲು ತಿಳಿಸಬೇಕಾದ ನಮಸ್ಕಾರ ಬಿಟ್ಟುಹೋಗಿತ್ತು. ಮುಂದಿನದರಲ್ಲಿ ಸರದಾರನ ಕಥೆಯೇ ಹೆಚ್ಚಾಗಿ ಕಾಶಿಯದು ಕಡಿಮೆಯಾಯಿತು. ಅದರ ಮುಂದಿನದು ಓದಲು ಚೆನ್ನಾಗಿತ್ತು, ಆದರೂ ಕೊನೆಯ ಸಾಲು ಒರಟಾಯಿತು ಅನಿಸಿತು. ದಿನಾ ಮಧ್ಯಾಹ್ನ ಕೂರುತ್ತಿದ್ದೆ. ಕೈ ಸೋತು ಲೇಖನಿ ಜಾರಿ ಬಿದ್ದಾಗ ಏಳುತ್ತಿದ್ದೆ. ಬರೆದವನ್ನು ಜೋಳದ ಬುಟ್ಟಿಗೆ ಹಾಕಿ ಮೇಲೆ ಗೋಣಿಚೀಲ ಮುಚ್ಚುತ್ತಿದ್ದೆ. ನಾಳಿನದು ಸರಿಯಾಗಿ ಬರುತ್ತದೆ ಅಂದುಕೊಳ್ಳುತ್ತಿದ್ದೆ.

ಫಕೀರವ್ವ ಆ ಸದ್ದು ಕೇಳಿದ ಮರುದಿನ ಓಣಿಯ ಹೆಂಗಸರನ್ನು ಕರೆದುಕೊಂಡು ಬಂದಳು. ಬೈಯಲು ಬಂದಿರಲಿಲ್ಲ. ಪಾಳಿಯ ಮೇಲೆ ಕಾಶಿಯ ಹತ್ತಿರ ಕೂರುತ್ತೇವೆ, ಒಬ್ಬರಲ್ಲದಿದ್ದರೆ ಇನ್ನೊಬ್ಬರ ಬಾಯಿ ನಾಟೀತು ಎಂದರು. ಹೊಸ ಬಾಯಿ ಹೇಳಿದಾಗ ಮೊದಮೊದಲು ಕಾಶಿಯ ಕೈ ಒಂದು ರೊಟ್ಟಿ ತಿನ್ನುವಷ್ಟು ಹೊತ್ತು ನಿಲ್ಲುತ್ತಿತ್ತು. ಆಮೇಲೆ ಒಂದು ತುತ್ತಿನಷ್ಟು. ಬರುಬರುತ್ತ ಕೈ ನಿಂತದ್ದೇ ಸುಳ್ಳೇನೋ ಅನಿಸುವ ಹಾಗಾಯಿತು. ಅಂಗೈಯ ತೊಗಲು ಎದ್ದು ಬಂತು, ಬೆರಳ ಸಂದಿಗಳು ಕೀವುಗಟ್ಟಿದವು.

"ಎಣ್ಣಿ ಹೋಗವಲ್ದು ಯವ್ವಾ," ಅನ್ನುತ್ತಿದ್ದಳು. "ಎಣ್ಣಿಲ್ಲ ಅಂತ ನನಗೂ ಗೊತ್ತೈತಿ. ಕಣ್ಣಿಗಿ ಕಾಣತೈತಿ ಇಲ್ಲಂತ. ಕೈ ನಂಬವಲ್ದು."

ಹೆಂಗಸರು ಅವಳ ಕೈಗಳಿಗೆ ಹಳೆಯ ಧೋತರದ ಅರಿವೆ ಸುತ್ತಿ ಕಟ್ಟಿದರು. ಅವಳು ಸುತ್ತಿದ ಕೈಗಳನ್ನೇ ಒಂದಕ್ಕೊಂದು ಉಜ್ಜಿಕೊಂಡಳು. ಅರಿವೆ ಹರಿದು ಕೆಂಪಾಯಿತು. ಮತ್ತೆ ಸುತ್ತಿದರು.

ಗೌಡರು ಶಿವಬಾಳಪ್ಪನವರು ಬಂದದ್ದು ಹುಣ್ಣಿಮೆ ಕಳೆದ ಮೇಲೆ. ಕಟ್ಟೆಯ ಮೇಲೆ ಕೂತು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಳಗಿನಿಂದ ಫಕೀರವ್ವನ "ಸಾಕು", ಅದರ ಬೆನ್ನಿಗೆ ಉಜ್ಜುವ ಸದ್ದು, ಮತ್ತೆ "ಸಾಕು", ಮತ್ತೆ ಸದ್ದು.

"ಸಂಗವ್ವಾ, ನನ್ನ ಮೊಮ್ಮಗ ನಿನ್ನೆ ಜೋಕಾಲಿ ಆಡಾಕತ್ತಿದ್ದ. ಸಾಕು ಅಂದೆ. ಅಂದ ಮ್ಯಾಲೂ ಒಂದ್ ಸಲ ಜೀಕಿದ. ಒಂದs ಸಲ. ನನ್ನ ಎದಿ ಹಾರಿ ಹೋತು."

"ಹುಡುಗ್ರ ಆಟ ಅದು, ಗೌಡ್ರ."

"ಆಗಿರಲಿ. ಅಂದ ಮಾತು ನಾಟಲಿಲ್ಲ ಅನ್ನೂದನ್ನ ಊರಿನ ಕೂಸುಗಳು ದಿನಾ ಕೇಳಬಾರದು. ಕೇಳಿ ಕೇಳಿ ಅವುಕ್ಕೂ ನಾಟದಂಗ ಆದ್ರ? ಒಲಿ ಮುಂದಿನ ಹೆಣಮಕ್ಕಳು, ಬಾವಿ ಸೇದೂ ಮಂದಿ... ಇಚಾರ ಮಾಡು. ಹೊಳಿ ದಂಡಿಗಿ ನಿಮ್ಮ ಹಳೇ ಗಾಣದ ಮನಿ ಐತೆಲ್ಲ, ಅಲ್ಲಿ ಇಡ್ರಿ ಆಕಿನ್ನ. ಬುತ್ತಿ ನಾವು ಕಳಸ್ತೀವಿ."

"ಅಲ್ಲಿ ಯಾರದೂ ಧ್ವನಿ ಕೇಳಂಗಿಲ್ರಿ."

"ಅದಕs ಹೇಳಿದ್ದು." ರುಮಾಲು ತಲೆಗಿಟ್ಟುಕೊಂಡು ಎದ್ದರು. "ಅಮಾಸಿ ತನಕ ನೋಡೂಣು. ಅಮಾಸಿ ಆದ ಮ್ಯಾಲ ನಾ ಇನ್ನೊಮ್ಮಿ ಬರಂಗಿಲ್ಲ, ಚಕ್ಕಡಿ ಬರತೈತಿ."

ಯಾರ ಧ್ವನಿಯೂ ಮುಟ್ಟದ ಜಾಗದಲ್ಲಿ ಕಾಶಿ ಎಷ್ಟು ದಿನ ಬದುಕುತ್ತಾಳೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸರದಾರನ ಮುಂಗಾಲುಗಳು ಕಣ್ಣ ಮುಂದೆ ಬಂದವು.

ಅವತ್ತೇ ಗೋಡೆಯ ಮೇಲೆ ಜಾಲಿಮುಳ್ಳು ಹೇರಿದೆ. ಹಿತ್ತಲ ಬಾಗಿಲಿಗೆ ಅಗಳಿ ಹಾಕಿದೆ. ಊರ ಕಿವಿಗೆ ಏನೂ ಬೀಳದಿದ್ದರೆ ಗೌಡರ ಮನಸ್ಸು ತಿರುಗೀತು ಎಂಬ ಆಸೆ. ಇನ್ನೊಂದು, ಪತ್ರಕ್ಕೆ ಇನ್ನಷ್ಟು ಹೊತ್ತು ಸಿಗುತ್ತದೆ ಅನಿಸಿತ್ತು. ಫಕೀರವ್ವ ಮುಳ್ಳಿನ ಆಚೆ ನಿಂತು ಬಾಯಿ ಮಾಡಿದಳು. "ಏನಕ್ಕಾ, ಬಾಯಿಗೆ ಬೇಲಿ ಹಾಕಾಕ ಬರತೈತೇನು? ನಾ ಮುದುಕಿ ಆಗೀನಿ ಖರೆ, ಮುಳ್ಳಿಗೆ ಹೆದರಾಕಿ ಅಲ್ಲ!" ಮಾತಿಗೆ ತಕ್ಕ ಹಾಗೆ ಮುಂಬಾಗಿಲಿಂದ ಬಂದು ಕಾಶಿಯ ಪಕ್ಕದಲ್ಲಿ ಕೂತಳು. ಉಳಿದ ಹೆಂಗಸರು ಬರುವುದನ್ನು ಬಿಟ್ಟರು. ಅವಳು ಮಾತ್ರ ಬಿಡಲಿಲ್ಲ. ಹಗಲೆಲ್ಲ ಹೂಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು. ಅವಳ ಕೈಗೆ ಸಾಕು ಅನ್ನುವವಳು ಕಾಶಿ, ಕಾಶಿಯ ಕೈಗೆ ಅವಳು. ಒಂದು ಬಾಯಿ ನಾಟುತ್ತಿತ್ತು, ಒಂದು ನಾಟುತ್ತಿರಲಿಲ್ಲ.

ನಾನು ನಡುಮನೆಯಲ್ಲಿ ಬರೆಯುತ್ತಿದ್ದೆ. ಈಗ ಬೆಳಿಗ್ಗೆಯೂ ಬರೆಯುತ್ತಿದ್ದೆ.

ನಮ್ಮೂರಿಗೆ ಬಸ್ಸು ಬರುವುದು ಸಂತೆಯ ದಿನ ಮಾತ್ರ. ಅಂಚೆಯ ಡಬ್ಬಿಯ ಬೀಗ ತೆಗೆದು ಕಾಗದ ಒಯ್ಯುವುದೂ ಅದೇ ಬಸ್ಸಿನಲ್ಲಿ. ಅಮಾವಾಸ್ಯೆಗೆ ಮುಂಚಿನ ಕೊನೆಯ ಸಂತೆ ಬಂತು. ಕಾಶಿಗೆ ಹಿಂದಿನ ದಿನದಿಂದ ಜ್ವರ, ಕೈಗಳು ಮೊಣಕೈವರೆಗೆ ಬಾತಿದ್ದವು. ಇವತ್ತು ಹಾಕಲೇಬೇಕು ಎಂದು ಎದ್ದವಳೇ ನಡುಮನೆಗೆ ಹೋಗಿ ಬಾಗಿಲು ಹಾಕಿದೆ. ಒಂದು ಬರೆದೆ. ನಮಸ್ಕಾರ ಇತ್ತು, ಸರದಾರ ಇತ್ತು, ಕಾಶಿಯ ಕೈ ಇತ್ತು, ಕೊನೆಯ ಸಾಲೂ ಮೆತ್ತಗೆ ಬಂದಿತ್ತು. ಮಡಚಬೇಕು ಅಂದುಕೊಂಡೆ. ಕೈ ಬುಟ್ಟಿಯ ಕಡೆ ಹೋಗಿ ಅದನ್ನು ಹಾಕಿ ಬಂತು. ಹೊಸ ಹಾಳೆ ತೆಗೆದುಕೊಂಡಿತು. ಇದೊಂದು ಇನ್ನೂ ಚೆನ್ನಾಗಿರಲಿ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಿದ್ದದ್ದು ನಾನೋ ನನ್ನ ಕೈಯೋ. ಅದೂ ಮುಗಿಯಿತು, ಬುಟ್ಟಿಗೆ ಹೋಯಿತು. ದೂರದಲ್ಲಿ ಸಂತೆಯ ಗದ್ದಲ ಏರಿತು. ಹೊತ್ತು ನೆತ್ತಿಗೆ ಬಂದದ್ದು ಬೆಳಕಿಂಡಿಯ ಬಿಸಿಲಿನಿಂದ ಗೊತ್ತಾಗುತ್ತಿತ್ತು. ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿತು. ಮಸಿ ಹರಡಿತೆಂದು ಇನ್ನೊಂದು ಹಾಳೆ. ಕೂಗೋಣ ಎಂದು ಬಾಯಿ ತೆರೆದೆ. ಏನೆಂದು ಕೂಗಲಿ? ತನಗೆ ತಾನೇ ಸಾಕು ಅಂದುಕೊಂಡರೆ ನಮ್ಮೂರಿನಲ್ಲಿ ಏನೂ ಆಗುವುದಿಲ್ಲ. ಅಂದು ನೋಡಿದೆ. ಏನೂ ಆಗಲಿಲ್ಲ. "ಮಹಾರಾಜರಾಜಶ್ರೀ ಡಾಕ್ಟರ ಸಾಹೇಬರಿಗೆ" ಎಂದು ಕೈ ಮತ್ತೆ ಮೊದಲಿನಿಂದ ಹಿಡಿಯಿತು. ಊರ ಹೊರಗಿನ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿತು.

ಬಾಗಿಲಿಗೆ ಏನೋ ಬಡಿಯಿತು. ಇನ್ನೊಮ್ಮೆ ಬಡಿಯಿತು. ಹಳೆಯ ಅಗಳಿ ಕಿತ್ತು ಬಂತು. ಭುಜದಿಂದ ಬಾಗಿಲು ತಳ್ಳಿಕೊಂಡು ಕಾಶಿ ಒಳಗೆ ಬಂದಳು. ಅರಿವೆ ಸುತ್ತಿದ ಕೈಗಳು ಎದೆಯ ಮುಂದೆ ಒಂದಕ್ಕೊಂದು ಉಜ್ಜುತ್ತಲೇ ಇದ್ದವು.

"ಹೊರಗ ಕೂತು ಕೇಳಾಕತ್ತೀನಿ," ಅಂದಳು. "ಸರ್, ಸರ್ ಅಂತ. ಮೊದ್ಲು ನನ್ನ ಕೈದs ಅಂದಕೊಂಡಿದ್ದೆ."

ಲೇಖನಿಯ ಸದ್ದು. ಆ ಸದ್ದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಊರಲ್ಲಿ ಯಾರಿದ್ದರು? ಅವಳು ಬುಟ್ಟಿಯ ಮೇಲಿನ ಗೋಣಿಯನ್ನು ಕಾಲಿನಿಂದ ಸರಿಸಿದಳು. ಬುಟ್ಟಿ ತುಂಬ ಕಾಗದ, ಅಂಚಿನವರೆಗೆ. ಒಂದೊಂದರ ಮೇಲೂ ಅದೇ ಮೊದಲ ಸಾಲು. ನಾನು ಅದನ್ನು ನೋಡಿದೆ, ಆ ಬುಟ್ಟಿಯನ್ನು ಅವತ್ತೇ ಮೊದಲು ಕಂಡವಳ ಹಾಗೆ ನೋಡಿದೆ. ಕೈ ಬರೆಯುತ್ತಿತ್ತು.

"ಯವ್ವಾ," ಅಂದಳು ಕಾಶಿ, ಸರದಾರನಿಗೆ ಅನ್ನುತ್ತಿದ್ದಷ್ಟೇ ಮೆಲ್ಲಗೆ. "ಸಾಕು."

ಲೇಖನಿ ನಿಂತಿತು. 'ದಯಮಾಡಿ ತಾವು' ಎಂಬಲ್ಲಿಗೆ ನಿಂತಿತು.

"ಇದು ಅರ್ಧಾ ಆಗೇತಿ," ಅಂದೆ. "ಆ ಬುಟ್ಟ್ಯಾಗ ಪೂರಾ ಬರದದ್ದು ಅದಾವು, ಚಲೋದೊಂದು ಆರಿಸ್ತೀನಿ ತಡಿ." ಬುಟ್ಟಿಯ ಕಡೆ ಬಾಗಿದೆ. ಒಂದು ತೆಗೆದೆ, ಇನ್ನೊಂದು ತೆಗೆದೆ, ಮೊದಲಿನದೇ ಮೇಲು ಅನಿಸಿತು, ಅದನ್ನು ಹುಡುಕತೊಡಗಿದೆ.

"ಸಾಕು ಅಂದ್ನೆಲ್ಲ. ಕೈಯಾಗಿಂದs ಹಾಕು."

ಮಡಚಿ ಲಕೋಟೆಗೆ ಹಾಕಿದೆ. ತಂಗಳನ್ನದ ಅಗುಳು ಹಚ್ಚಿ ಒತ್ತಿದೆ, ಮತ್ತೆ ಒತ್ತಿದೆ. ಅವಳು ಮತ್ತೆ ಅಂದಳು. ಇಬ್ಬರೂ ಓಣಿಗೆ ಇಳಿದೆವು. ಜ್ವರದ ಮೈ, ಅವಳಿಗೆ ಹೆಜ್ಜೆ ನೆಟ್ಟಗೆ ಬೀಳುತ್ತಿರಲಿಲ್ಲ. ಮಂದಿ ಅಂಗಡಿಗಳ ಮುಂದೆ ಸರಿದು ದಾರಿ ಬಿಟ್ಟರು, ಮಕ್ಕಳ ಕಿವಿಗಳನ್ನು ಮುಚ್ಚಿದರು. ಅವರಾದರೂ ಏನು ಮಾಡಿಯಾರು. ಹಿಂದಿನಿಂದ ಫಕೀರವ್ವ, "ಅಕ್ಕಾ, ಎಲ್ಲಿಗಿ? ಆ ಕೂಸಿನ್ನ ಎಲ್ಲಿಗಿ ಎಳಕೊಂಡು ಹೊಂಟಿ?" ಎಂದು ಸೆರಗಿನಲ್ಲಿ ಬತ್ತಿ ಕಟ್ಟಿಕೊಂಡು ಓಡಿಬರುತ್ತಿದ್ದಳು.

ಬಸ್ಸು ಆಲದ ಕೆಳಗೆ ನಿಂತಿತ್ತು. ಕಂಡಕ್ಟರ್ ಬೀಗದ ಕೈ ಹಿಡಿದು ಡಬ್ಬಿಯ ಕಡೆ ಬರುತ್ತಿದ್ದ. ನಾನು ಅವನಿಗಿಂತ ಮೊದಲು ಮುಟ್ಟಿದೆ. ಪತ್ರವನ್ನು ಡಬ್ಬಿಯ ಬಾಯಿಗೆ ತೂರಿಸಿದೆ. ವಿಳಾಸ ಸರಿ ಇದೆಯೇ ಎಂದು ಹೊರಗೆಳೆದು ನೋಡಿದೆ. ಸರಿ ಇತ್ತು. ತೂರಿಸಿದೆ. ಅಂಟು ಬಿಟ್ಟಿದೆಯೇ ಎಂದು ಎಳೆದೆ. ಬಿಟ್ಟಿರಲಿಲ್ಲ. ತೂರಿಸಿದೆ. ವಿಳಾಸ ಸರಿ ಇತ್ತೇ? ಎಳೆದೆ. ಕಾಶಿಯ ಬಾಯಿ ಅಲುಗುವುದು ಕಂಡಿತು, ಜ್ವರಕ್ಕೆ ಒಣಗಿದ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಅವಳು ಆಲದ ಬೊಡ್ಡೆಗೆ ಒರಗಿ ಕೈ ಉಜ್ಜುತ್ತಿದ್ದಳು, ನಾನು ಪತ್ರ ತೂರಿಸುತ್ತ ಎಳೆಯುತ್ತ ಇದ್ದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಕಂಡಕ್ಟರ್ ಹೊರಗಿನವನು. "ಹಾಕ್ತೀರೋ ಇಲ್ವೋ ಅಜ್ಜಿ, ಗಾಡಿ ಬಿಡಬೇಕು," ಎಂದ. ಅದು ಬೇಕಾದ ಮಾತಾಗಿರಲಿಲ್ಲ. ಡ್ರೈವರ್ ಇಂಜಿನು ಚಾಲೂ ಮಾಡಿದ.

ಸಂತೆಯ ಆ ತುದಿಯಿಂದ, ಕುಂಬಳಬಳ್ಳಿಯ ಕಾಲದಿಂದ ನಾನು ಬಲ್ಲ ಆ ದೊಡ್ಡ ಗಂಟಲು ಒದರಿತು. ಪತ್ರ ಯಾರಿಗೆ, ಯಾತಕ್ಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ.

"ಸಾಕು!"

ಬೆರಳು ಬಿಟ್ಟವು. ಡಬ್ಬಿಯ ತಳಕ್ಕೆ ಪತ್ರ ಬಿದ್ದ ಸದ್ದು ಒಂದೇ ಸಲ ಕೇಳಿತು.